ಬಸ್ಸಿನ ನೆತ್ತಿಯ ಮೇಲೆ ದುರ್ಬೀನು

ಗಂಡಸರು ಪೇಪರು ಓದುವುದು ಒಳ್ಳೆಯದೇ. ಓದಿದ ಮೇಲೆ ಮಡಚಿಟ್ಟು ಸುಮ್ಮನಿರಬೇಕು, ಅಷ್ಟೆ. ನಮ್ಮ ಯಜಮಾನರಿಗೆ ಆ ಬುದ್ಧಿ ಇರಲಿಲ್ಲ. ಅವರು ಹೊಸನಗರದಲ್ಲಿ ಬಸ್ ಏಜೆಂಟರು. ಬಸ್ಸು ತಡವಾದಷ್ಟೂ ಪೇಪರು ಓದುವುದು, ಬಸ್ಸೋ ದಿನಾ ತಡ. ನಾನು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅಕ್ಷರ ಕೂಡಿಸುವಷ್ಟರಲ್ಲಿ ಸಾರು ಉಕ್ಕುತ್ತದೆ. ಹಾಗಾಗಿ ನನ್ನಿಂದ ಯಾರಿಗೂ ತೊಂದರೆಯಿಲ್ಲ ಅಂದುಕೊಂಡಿದ್ದೆ.

ಎಲ್ಲರ ಬಾಯಲ್ಲೂ ಚಂದ್ರ, ರಾಕೆಟ್ಟು ಅಂತಿದ್ದ ಕಾಲ. ಒಂದು ದಿನ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು. "ಕೇಳಿದ್ಯೇನೇ? ಅಮೆರಿಕದಲ್ಲಿ ವಿಮಾನಕ್ಕೆ ದೊಡ್ಡ ದುರ್ಬೀನು ಕೂರಿಸಿ, ಮೇಲೇರೋ ರಾಕೆಟ್ಟಿನ ಫೋಟೋ ಹಿಡೀತಾರಂತೆ. ಇದೂ ಹಾರ್ತಾ ಇರ್ತದೆ, ಅದೂ ಹಾರ್ತಾ ಇರ್ತದೆ!"

"ನೆಲದ ಮೇಲೆ ನಿಂತು ಹಿಡಿದ್ರೆ ಏನಾಗ್ತದಂತೆ?"

"ಮೋಡ ಅಡ್ಡ ಬರ್ತದೆ ಮಾರಾಯ್ತಿ."

ಇದೊಂದು ಮಾತು ಒಪ್ಪಿದೆ. ವರ್ಷದಲ್ಲಿ ಆರು ತಿಂಗಳು ಮೋಡ ನೋಡಿದವಳಲ್ಲವೇ ನಾನು.

ಅವರ ಹತ್ತಿರ ಹರಾಜಿನಲ್ಲಿ ತಂದ ಎರಡು ಕಣ್ಣಿನ ದುರ್ಬೀನಿತ್ತು, ಒಂದು ಡಬ್ಬಿ ಕ್ಯಾಮೆರಾ ಇತ್ತು. ದುರ್ಬೀನಿನ ಒಂದು ಕಣ್ಣಿಗೆ ಕ್ಯಾಮೆರಾ ಕಟ್ಟಿದರು. ಇನ್ನೊಂದು ನೋಡುವವರಿಗೆ. ದೀಪಾವಳಿಯಲ್ಲಿ ಉಳಿದ ಬಾಣವೇ ರಾಕೆಟ್ಟು. ವಿಮಾನ? ತೀರ್ಥಹಳ್ಳಿಗೆ ಹೋಗುವ ಬಸ್ಸು.

ಆ ಬಸ್ಸಿನಲ್ಲೇ ನಾವು ಮಗಳ ಮನೆಗೆ ಹೊರಟಿದ್ದು, ಮೊಮ್ಮಗಳ ನಾಮಕರಣಕ್ಕೆ. ತವರಿನ ತೊಟ್ಟಿಲು ಬಸ್ಸಿನ ಮೇಲೆ. ಅಳಿಯ ಮಿಲಿಟರಿಯಲ್ಲಿ, ಮಗುವಿನ ಮುಖವನ್ನೇ ಕಂಡಿರಲಿಲ್ಲ. ಮಗಳು ಕಾಗದ ಹಾಕಿದ್ದಳು: "ಅಪ್ಪಯ್ಯ, ರೀಲಿನಲ್ಲಿ ಒಂದೇ ಫೋಟೋ ಉಳಿದಿದೆ ಅಂದಿದ್ದಿರಿ. ಅದು ಮಗುವಿಗೆ." ಆಗ ರೀಲು ಸಿಗುವುದೆಂದರೆ ತಪಸ್ಸು. "ಗುಂಡಿ ಒತ್ತೋದಿಲ್ಲ, ಬರೀ ನೋಡೋದು," ಅಂತ ಇವರು ನನ್ನ ತಲೆ ಮುಟ್ಟಿ ಆಣೆ ಇಟ್ಟರು.

ಬಸ್ಸು ಕುಲುಕಿದರೆ ದುರ್ಬೀನು ನಿಲ್ಲಬೇಕಲ್ಲ? ಬಸ್ಸಿನ ಮೇಲೆ ಬಿದಿರು ಕಟ್ಟಿ ತೊಟ್ಟಿಲು ತೂಗಿಸಿ, ಅದರ ಅಂಚಿಗೆ ದುರ್ಬೀನು ಬಿಗಿದರು. ಕೆಳಗಿಂದ ಒಬ್ಬಳು ಅಜ್ಜಿ ಕೂಗಿದಳು: "ಖಾಲಿ ತೊಟ್ಟಿಲು ತೂಗ್ತೀರಲ್ರೋ! ಮನೇಲಿ ಹೆಂಗಸ್ರಿಲ್ವಾ?"

ಹೆಂಗಸು ನಾನೇ. ಸೀರೆ ಎತ್ತಿ ಕಟ್ಟಿ ಏಣಿ ಹತ್ತಿದೆ. ನಾಮಕರಣದಲ್ಲಿ ಮಗುವಿಗಿಂತ ಮೊದಲು ಮಲಗಿಸಲು ತಂದಿದ್ದ ಗುಂಡುಕಲ್ಲನ್ನು ತೊಟ್ಟಿಲಲ್ಲಿ ಮಲಗಿಸಿದೆ. ಆ ಭಾರಕ್ಕೆ ತೊಟ್ಟಿಲು ಗಪ್‌ಚಿಪ್! ನಾನು ಇಳಿಯುವ ಮೊದಲೇ ಬಸ್ಸು ಹೊರಟಿತು; ಹೊಂಡಕ್ಕೆ ಬಿದ್ದರೂ ದುರ್ಬೀನು ಅಲುಗಲಿಲ್ಲ. "ಅಮೆರಿಕದವರಿಗೂ ಇದು ಹೊಳೆದಿರ್ಲಿಕ್ಕಿಲ್ಲ!" ಅಂತ ಇವರು ಕುಣಿದರು. ಡ್ರೈವರ್ ಕೆಳಗಿಂದ, "ಏಜೆಂಟ್ರೇ, ಟಾಪು ಒಡೀತದೆ!" ಅಂದ.

ತಿರುವಿನ ಗದ್ದೆಯಲ್ಲಿ ನನ್ನ ತಮ್ಮ ಬಾಣ ಹಿಡಿದು ಕಾಯುತ್ತಿದ್ದ. ಇವರ ಎರಡು ಕೈಯೂ ಬಿದಿರಿನ ಮೇಲೆ. "ನೀನೇ ನೋಡೇ, ಬೇಗ!" ಅಂದರು. ನೋಡಿದೆ. ಸುಂಯ್ ಅಂತ ಎದ್ದ ಬಾಣ ನನ್ನ ಮೂಗಿನ ಮುಂದೆಯೇ ಬಂತು! ಬಾಲ, ಹೊಗೆ, ಸುತ್ತಿದ ಬಣ್ಣದ ಕಾಗದ, ಎಲ್ಲ ಇಷ್ಟಿಷ್ಟು ದೊಡ್ಡದು. ನಾವೂ ಓಡುತ್ತಿದ್ದೇವೆ, ಅದೂ ಓಡುತ್ತಿದೆ. "ಹೋಯ್! ಹೋಯ್!" ಅಂತ ಕಿರುಚಿದೆ. ಕೈ ತಾನಾಗಿ ಕ್ಯಾಮೆರಾದ ಗುಂಡಿಗೆ ಹೋಯಿತು. ಟಕ್.

ಇವರು ನನ್ನ ಮುಖ ನೋಡಿದರು. ನಾನು ಗುಂಡುಕಲ್ಲಿನ ಮುಖ ನೋಡಿದೆ.

ತೀರ್ಥಹಳ್ಳಿಯಲ್ಲಿ ಮಗುವಿಗೆ ಕಾಡಿಗೆ ತೀಡಿ, ಮಗಳು ತಯಾರಾಗಿ ಕೂತಿದ್ದಳು. "ಬಾಣದ ಫೋಟೋಕ್ಕೇ ರೀಲು ಮುಗೀತು ಮಗಾ," ಅಂದರು ಇವರು, ನನ್ನ ಹೆಸರೆತ್ತದೆ. ಮಗಳು ಕಣ್ಣೀರು ಹಾಕಿದಳು. "ಮಗೂಗಿಂತ ಬಾಣ ಹೆಚ್ಚಾಯ್ತಾ ಅಪ್ಪಯ್ಯ?" ಬೀಗಿತ್ತಿ ಬೈದರು. ಇವರು ಯಾವತ್ತೂ ಹೀಗೇ ಅಂತ ಎಲ್ಲರಿಗಿಂತ ಜೋರಾಗಿ ಬೈದವಳು ನಾನು. ಹೊಸ ರೀಲು ಸಿಕ್ಕಿ ಅಳಿಯನಿಗೆ ಫೋಟೋ ಹೋಗುವಷ್ಟರಲ್ಲಿ ಮಗುವಿಗೆ ಎರಡು ಹಲ್ಲು ಬಂದಿತ್ತು.

ನನ್ನ ಮೇಲೆ ಎಷ್ಟು ಪ್ರೀತಿ, ಬೈಗುಳವನ್ನೆಲ್ಲ ತಾವೇ ನುಂಗಿದರಲ್ಲ ಅಂತ ಒಂದು ತಿಂಗಳು ಅವರು ಕೇಳದೆಯೇ ಕಾಫಿ ಕೊಟ್ಟೆ. ಆಮೇಲೆ ಒಂದು ದಿನ, ನಮ್ಮಲ್ಲಿಗೆ ಬಂದಿದ್ದ ಮಗಳ ಜೊತೆ ಬಸ್ ಆಫೀಸಿಗೆ ಹೋದರೆ, ಗೋಡೆಯ ಮೇಲೆ ನನ್ನ ಬಾಣ! ಕಟ್ಟು ಹಾಕಿಸಿ ತೂಗಿಹಾಕಿದ್ದಾರೆ. ಸಾಗರದಿಂದ ಬಂದವರೊಬ್ಬರು, "ಯಾರ್ರೀ ಹಿಡಿದಿದ್ದು? ಭಾರೀ ಕೈ!" ಅಂದರು.

"ನಾನೇ," ಅಂದರು ಯಜಮಾನರು, ಮೀಸೆ ನೀವಿಕೊಂಡು.

ಬಾಯಿ ತೆರೆದೆ. ಮಗಳು ಪಕ್ಕದಲ್ಲೇ ನಿಂತಿದ್ದಳು. ಮುಚ್ಚಿದೆ.