ಎಮ್ಮೆಗೆ ತಗುಲಿದ ಉತ್ಪ್ರೇಕ್ಷೆ

ಪುಕ್ಕಲುತನದಲ್ಲಿ ಒಂದು ಅನುಕೂಲವಿದೆ, ಹೊತ್ತು ಹೋಗುವುದೇ ತಿಳಿಯುವುದಿಲ್ಲ. ನಾನು ಹಲ್ಲಿಗೆ ಹೆದರುತ್ತೇನೆ, ಕುಕ್ಕರಿನ ಸೀಟಿಗೆ ಹೆದರುತ್ತೇನೆ, ಗೊತ್ತಿಲ್ಲದ ನಂಬರಿನಿಂದ ಬರುವ ಫೋನಿಗೆ ಹೆದರುತ್ತೇನೆ, ಗೊತ್ತಿರುವ ನಂಬರಾದರೆ ಇನ್ನೂ ಹೆಚ್ಚು ಹೆದರುತ್ತೇನೆ. ಆಂಧ್ರದ ಗಡಿಯೊಳಗಿನ ಆದೋನಿಯ ಒಂದು ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುವುದು ನನ್ನ ಕೆಲಸ. ಪ್ರಿನ್ಸಿಪಾಲರು ವರಾಂಡದ ಆ ತುದಿಯಲ್ಲಿ ಕೆಮ್ಮಿದರೆ ಈ ತುದಿಯಲ್ಲಿ ನನ್ನ ಕೈಯ ಸೀಮೆಸುಣ್ಣ ಮುರಿಯುತ್ತದೆ. ಇಷ್ಟಕ್ಕೆಲ್ಲ ಹೆದರುವ ನಾನು ಒಂದಕ್ಕೆ ಮಾತ್ರ ಹೆದರಿರಲಿಲ್ಲ, ಅಲಂಕಾರಗಳಿಗೆ. ಸಿಮಿಲಿ, ಮೆಟಾಫರ್, ಹೈಪರ್‌ಬೊಲಿ ಎಂಬ ಇಂಗ್ಲಿಷ್ ಅಲಂಕಾರಗಳು ವರ್ಷವೆಲ್ಲ ಪುಸ್ತಕದಲ್ಲಿ ಮಲಗಿದ್ದು, ಪರೀಕ್ಷೆಗೆ ಎದ್ದು ಒಂದಿಷ್ಟು ಅಂಕ ಕೊಟ್ಟು ಮತ್ತೆ ಮಲಗುತ್ತವೆ, ಯಾರ ತಂಟೆಗೂ ಬರುವುದಿಲ್ಲ ಎಂದು ನಂಬಿದ್ದೆ. ಬಂದವು. ಅದೂ ಗೋನೆಗಂಡ್ಲದಿಂದ ಬಸ್ಸು ಹತ್ತಿಕೊಂಡು ಬಂದವು.

ಆದದ್ದಿಷ್ಟು. ನಮ್ಮ ಪುಸ್ತಕದಲ್ಲಿ ಪ್ರತಿ ಅಲಂಕಾರಕ್ಕೂ ಉದಾಹರಣೆಗಳಿವೆ. ಎಲ್ಲವೂ ಹಿಮ, ಹಡಗು, ಕಂಡರಿಯದ ಹೂವು. ಬೇಸಿಗೆಯಲ್ಲಿ ಫ್ಯಾನು ಬಿಸಿಗಾಳಿ ಬೀಸುವ ಊರಿನಲ್ಲಿ ಕೂತು ಹಿಮದ ಹೋಲಿಕೆ ಕೇಳಿದರೆ ಮಕ್ಕಳಿಗೆ ನಿದ್ದೆ ಬರದೆ ಇನ್ನೇನು ಬರುತ್ತದೆ? ಅದಕ್ಕೇ ಹೈಪರ್‌ಬೊಲಿ, ಅಂದರೆ ಉತ್ಪ್ರೇಕ್ಷೆ, ಪಾಠಕ್ಕೆ ಬಂದಾಗ ನನಗೊಂದು ದುರ್ಬುದ್ಧಿ ಹುಟ್ಟಿತು. "ನಿಮ್ಮ ಮನೆಯಲ್ಲೇ ಇರುವ ಏನನ್ನಾದರೂ ಹಿಡಿದು, ಮಿತಿಮೀರಿ ಹೊಗಳಿ ಒಂದು ಇಂಗ್ಲಿಷ್ ವಾಕ್ಯ ಬರೆಯಿರಿ" ಎಂದೆ. ಗೋನೆಗಂಡ್ಲದಿಂದ ದಿನಾ ಬಸ್ಸಿನಲ್ಲಿ ಬರುವ ಮೊದಲ ಬೆಂಚಿನ ಮಲ್ಲೇಶ್ವರಿ ಬರೆದಳು. ಕ್ಲಾಸಿನಲ್ಲಿ ನನ್ನ ಮಾತಿಗೆ ಯಾಕೆ ಎಂದು ಕೇಳುವವಳು ಅವಳೊಬ್ಬಳೇ, ಆದ್ದರಿಂದ ಅವಳಿಗೂ ನಾನು ಸ್ವಲ್ಪ ಹೆದರುತ್ತೇನೆ. ಅವಳ ವಾಕ್ಯದ ತಾತ್ಪರ್ಯ ಹೀಗಿತ್ತು: ನಮ್ಮ ಎಮ್ಮೆ ಬೆಳಗ್ಗೆ ಕೊಡುವ ಹಾಲನ್ನು ತುಂಗಭದ್ರೆಗೆ ಬಿಟ್ಟರೆ ನಾಗಲದಿನ್ನೆಯ ತನಕ ಹೊಳೆಯ ಮೇಲೆ ಕೆನೆ ಕಟ್ಟುತ್ತದೆ. ನನಗೆ ಆನಂದ ತಡೆಯಲಾಗಲಿಲ್ಲ. ವಾಕ್ಯವನ್ನು ಬೋರ್ಡಿನ ಮೇಲೆ ಬರೆದು ಇಡೀ ಕ್ಲಾಸಿನ ಬಾಯಲ್ಲಿ ಗಟ್ಟಿಯಾಗಿ ಹೇಳಿಸಿದೆ. ಮನೆಯಲ್ಲೂ ಹೀಗೇ ಗಟ್ಟಿಯಾಗಿ ಓದಿ ಎಂದು ಬೇರೆ ಹೇಳಿ ಕಳಿಸಿದೆ.

ಇಲ್ಲೇ ನಾನು ಊರಿನ ಸ್ವಭಾವ ಮರೆತದ್ದು. ನಮ್ಮ ಕಡೆ ಯಾರೂ ಯಾವುದನ್ನೂ ಬಾಯಿಬಿಟ್ಟು ಹೊಗಳುವುದಿಲ್ಲ. ಹತ್ತಿ ಬೆಳೆ ಹೊಲದ ತುಂಬ ಬೆಳ್ಳಗೆ ಒಡೆದು ನಿಂತಿದ್ದರೂ ಹೇಗಿದೆ ಎಂದು ಕೇಳಿದರೆ "ಏನೋ ಐತ್ರಿ" ಎನ್ನುತ್ತಾರೆ. ಮುದ್ದಾದ ಕೂಸು ಹುಟ್ಟಿದರೆ ಕೆನ್ನೆಗೆ ಕಾಡಿಗೆ ಬೊಟ್ಟಿಟ್ಟು "ಕಾಗಿಮರಿ ಹುಟ್ಟೈತಿ" ಎನ್ನುತ್ತಾರೆ. ಹೊಸ ಮನೆಗೆ ಬೂದುಗುಂಬಳ, ಹೊಸ ಗಾಡಿಗೆ ನಿಂಬೆ ಮೆಣಸಿನಕಾಯಿ. ಇದೆಲ್ಲ ಮೂಢನಂಬಿಕೆ ಎಂದು ನಾನು ಸ್ಟಾಫ್ ರೂಮಿನಲ್ಲಿ ವಾದಿಸಿದ್ದೇನೆ. ನನ್ನ ಸ್ಕೂಟರಿಗೆ ಕಟ್ಟಿರುವ ನಿಂಬೆಹಣ್ಣು ನನ್ನ ಹೆಂಡತಿಯದು, ನಾನು ಬರೀ ವಾರಕ್ಕೊಮ್ಮೆ ಬದಲಿಸುತ್ತೇನೆ.

ಆ ವಾರ ಮಲ್ಲೇಶ್ವರಿ ಕಾಲೇಜಿಗೆ ಬರಲಿಲ್ಲ. ಆಮೇಲೆ ಒಂದು ಬೆಳಗ್ಗೆ ಪ್ರಿನ್ಸಿಪಾಲರಿಂದ ಕರೆ ಬಂತು. ಹೋದರೆ ಅವರ ಎದುರಿನ ಕುರ್ಚಿಯಲ್ಲಿ ಒಬ್ಬ ಮುದುಕಿ ಸೆರಗು ಬಿಗಿದು ಕೂತಿದ್ದಾಳೆ, ಪಕ್ಕದಲ್ಲಿ ಮಲ್ಲೇಶ್ವರಿ ನೆಲ ನೋಡುತ್ತ ನಿಂತಿದ್ದಾಳೆ. ಆಕೆ ಅವಳ ಅಜ್ಜಿ ತಿಮ್ಮಕ್ಕ.

"ಇಂಗ್ಲಿಷ್ ಸಾರು ನೀವೇನ್ರಿ?"

"ಹೌದವ್ವ."

"ನಮ್ಮ ಎಮ್ಮಿ ಎಂದಾರ ನೋಡೀರೇನು?"

"ಇಲ್ಲವ್ವ."

"ನೋಡದನ ದೃಷ್ಟಿ ಹಾಕೀರಲ್ಲ. ಈಕಿ ಕೊಟ್ಟಿಗ್ಯಾಗ ನಿಂತು ನಿಮ್ಮ ಮಾತು ಒದರಿದ್ಳು. ಅವತ್ತು ಸಂಜಿನ ಎಮ್ಮಿ ಚೆಂಬು ಒದ್ದಿದ್ದು, ಇವತ್ತಿನ ತನಕ ಹನಿ ಹಾಲು ಕೊಟ್ಟಿಲ್ಲ. ದಿನಾ ಹಿಂಡೋವಾಗ ಬಾಜು ನಿಂದರ್ತಿದ್ಳು, ಈಗ ಈಕಿನ್ನ ಎಮ್ಮಿ ಹತ್ರ ಸುಳಿಯಾಕ ಸೈತ ಬಿಟ್ಟಿಲ್ಲ ನಾನು."

ನಾನು ಬೆವರು ಒರೆಸಿಕೊಂಡು, ಅದು ಬರೀ ಅಲಂಕಾರ, ನಿಜವಾದ ಹೊಗಳಿಕೆಯಲ್ಲ, ಒಂದು ರೀತಿಯ ಸುಳ್ಳು ಎಂದು ವಿವರಿಸಿದೆ.

"ಖರೇ ಹೊಗಳಿದ್ರ ಎಮ್ಮಿ ತಡಕೊಂತಿತ್ರಿ" ಎಂದಳು ತಿಮ್ಮಕ್ಕ. "ಅಷ್ಟು ಹಾಲು ತನ್ನ ಕೈಲಿ ಆಗಂಗಿಲ್ಲ ಅಂತ ಅದಕ್ಕೂ ಗೊತ್ತೈತಿ. ನಾಚಿಗಿ ಆಗಿ ನಿಂತುಬಿಟ್ಟೈತಿ. ಹಾಲು ಮಾರಿದ್ರ ಈಕಿಗೆ ಬಸ್ಸು, ಬಸ್ಸಿದ್ರ ಕಾಲೇಜು. ಹಾಲಿಲ್ಲಂದ್ರ ಓದು ಸಾಕು. ನಮ್ಮ ಅಣ್ಣನ ಮೊಮ್ಮಗ ಅದಾನ, ಲಗ್ನ ಮಾಡಿ ಕಳಿಸ್ತೀನಿ. ಇಲ್ಲಾ, ನೀವ ಬಂದು ದೃಷ್ಟಿ ತಗೀರಿ."

ಪ್ರಿನ್ಸಿಪಾಲರು "ವೆಳ್ಳಿ ರಂಡಿ ಸಾರ್" ಎಂದು, ಹೋಗಿಬನ್ನಿ ಎಂಬುದನ್ನು ತೆಲುಗಿನಲ್ಲಿ ಹೇಳಿ ಕೈ ತೊಳೆದುಕೊಂಡರು. ನಾನು ಮಲ್ಲೇಶ್ವರಿಯನ್ನು ನೋಡಿದೆ. ನನಗೆ ಹಲ್ಲಿಯ ಭಯ ಗೊತ್ತು, ಕೆಮ್ಮಿನ ಭಯ ಗೊತ್ತು, ಇದು ಅಂಥದ್ದಲ್ಲ. ನನ್ನ ಒಂದು ಪಾಠದಿಂದ ಒಬ್ಬ ಹುಡುಗಿಯ ಓದು ನಿಂತುಹೋಗುತ್ತದೆ ಎಂಬ ಭಯ. ಭಾನುವಾರ ಬರುತ್ತೇನೆ ಎಂದು ಒಪ್ಪಿಕೊಂಡೆ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಆಕೆ ಹಾಲಹರವಿಯವಳು, ಮಾತಿಗೆ ತಡವರಿಸುವವಳಲ್ಲ. "ಮುದುಕಿಗೆ ಹೆದರ್ತೀರಿ, ಎಮ್ಮಿಗೆ ಹೆದರ್ತೀರಿ. ಲಗ್ನದ ದಿನ ನನಗೊಂದೀಟು ಹೆದರಿ ಓಡಿದ್ರ ಇಬ್ಬರೂ ಸುಖವಾಗಿರ್ತಿದ್ವಿ" ಎಂದು ಹೇಳಿ ದಾರಿಗೆ ಬುತ್ತಿ ಕಟ್ಟಿದಳು.

ಭಾನುವಾರ ಎಮ್ಮಿಗನೂರಿನಲ್ಲಿ ಬಸ್ಸು ಬದಲಿಸಿ ಗೋನೆಗಂಡ್ಲಕ್ಕೆ ಹೋದೆ. ಎಮ್ಮೆಯನ್ನು ಅಂಗಳದಲ್ಲಿ ಕಟ್ಟಿದ್ದರು. ಓಣಿಯವರೆಲ್ಲ ಕಟ್ಟೆಯ ಮೇಲೆ ಜಾಗ ಹಿಡಿದಿದ್ದರು. ಎಮ್ಮೆ ನನ್ನನ್ನು ಪ್ರಿನ್ಸಿಪಾಲರು ನೋಡುವ ಹಾಗೆಯೇ ನೋಡಿತು. ಉಪ್ಪು ಮೆಣಸಿನಕಾಯಿ ಎಲ್ಲಿ ಎಂದು ಕೇಳಿದೆ.

"ಅವೆಲ್ಲ ಮಾಡಿ ಮುಗಿಸೀನ್ರಿ" ಎಂದಳು ತಿಮ್ಮಕ್ಕ. "ತಗುಲಿದ್ದು ಇಂಗ್ಲಿಷಿನ್ಯಾಗ. ನಮ್ಮ ಉಪ್ಪಿಗೆ ಅದು ಹೆಂಗ ಹೋಗತೈತಿ? ನೀವ ಇಂಗ್ಲಿಷಿನ್ಯಾಗ ಬಯ್ರಿ, ಇಳೀತೈತಿ."

ಸಣ್ಣಂದಿನಿಂದ ನಾನು ಯಾರನ್ನೂ ಯಾವ ಭಾಷೆಯಲ್ಲೂ ಬೈದವನಲ್ಲ, ಅದಕ್ಕೂ ಧೈರ್ಯ ಬೇಕು. ಹಿಂಬದಿಗೆ ನಿಂತರೆ ಒದೆಯುತ್ತದೆ, ಮುಂದೆ ನಿಂತರೆ ಕೊಂಬಿದೆ. ಪಕ್ಕಕ್ಕೆ ನಿಂತು, "ಡಿಯರ್ ಬಫೆಲೋ, ಯು ಆರ್ ನಾಟ್ ಎ ವೆರಿ ಗುಡ್ ಬಫೆಲೋ" ಎಂದೆ. ಮಲ್ಲೇಶ್ವರಿ ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿದಳು.

"ಇಷ್ಟನೇನು?" ಎಂದಳು ಅಜ್ಜಿ. "ಇಷ್ಟು ಬಯ್ಯಾಕ ಆದೋನಿಯಿಂದ ಬರಬೇಕಿತ್ತೇನ್ರಿ?"

ಕಟ್ಟೆಯ ಮೇಲಿನವರು ನಕ್ಕರು. ಮಲ್ಲೇಶ್ವರಿ ಹತ್ತಿರ ಬಂದು "ಸಾರ್, ಸಿಮಿಲಿ ಹಾಕ್ರಿ" ಎಂದು ಪಿಸುಗುಟ್ಟಿದಳು. ಪುಸ್ತಕದ ಹಿಮ, ಹಡಗು ಬಿಟ್ಟರೆ ನನ್ನ ತಲೆಗೆ ಏನೂ ಹೊಳೆಯಲಿಲ್ಲ. ಎಮ್ಮೆ ಒಮ್ಮೆ ಬುಸ್ ಎಂದಿತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಆ ಖಾಲಿಯಾದ ಜಾಗದಲ್ಲಿ ಮಲ್ಲೇಶ್ವರಿ ನಿಂತಳು, ಎಮ್ಮೆಯ ಕೊರಳ ಮೇಲೆ ಕೈಯಿಟ್ಟಳು, ಮತ್ತು ಇಂಗ್ಲಿಷಿನಲ್ಲಿ ಬೈಯಲು ಶುರು ಮಾಡಿದಳು. ಬೈಗುಳವಾದ್ದರಿಂದ ಅಜ್ಜಿ ತಡೆಯಲಿಲ್ಲ. ಇದರ ನಡಿಗೆ ಕೆಟ್ಟು ನಿಂತ ಟ್ರ್ಯಾಕ್ಟರಿನಂತೆ ಎಂದಳು, ಸಿಮಿಲಿ. ಇದು ಎಮ್ಮೆಯಲ್ಲ, ಕೊಂಬು ಬಂದ ಕರಿಬಂಡೆ ಎಂದಳು, ಮೆಟಾಫರ್. ಇದರ ಹಾಲಿನ ಚೆಂಬಿಗೆ ಇರುವೆ ಇಳಿದರೂ ಮೊಣಕಾಲು ತೋಯುವುದಿಲ್ಲ ಎಂದಳು, ಅದು ಮತ್ತೆ ಹೈಪರ್‌ಬೊಲಿಯೇ. ನಾನು ಭಯದ ನಡುವೆಯೂ ತಲೆಯಾಡಿಸುತ್ತ ಮನಸ್ಸಿನಲ್ಲೇ ಅಂಕ ಹಾಕುತ್ತಿದ್ದೆ. ಎಮ್ಮೆ ಕಿವಿ ಜೋಲುಬಿಟ್ಟು, ಅವಳ ಭುಜ ನೆಕ್ಕುತ್ತ ಎಲ್ಲವನ್ನೂ ಕೇಳಿತು. ತಿಮ್ಮಕ್ಕ ಚೆಂಬು ಹಿಡಿದು ಕೆಳಗೆ ಕೂತಳು. ಸ್ವಲ್ಪ ಹೊತ್ತಿಗೆ ಚೊರ್ ಎಂದು ಹಾಲು ಬೀಳುವ ಸದ್ದು ಕೇಳಿತು.

ನನಗೆ ಆಗಲೇ ಗೊತ್ತಾಯಿತು. ಮೊದಲ ದಿನ ಅವಳು ಒದರಿದ್ದಕ್ಕೆ ಬೆದರಿ ಒದ್ದಿರಬೇಕು; ಆಮೇಲೆ ದಿನಾ ಹಾಲು ಕರೆಯುವಾಗ ಹತ್ತಿರ ನಿಲ್ಲುತ್ತಿದ್ದ ಹುಡುಗಿಯನ್ನು ಅಜ್ಜಿ ದೂರ ಇಟ್ಟಿದ್ದಳು, ಎಮ್ಮೆ ಅವಳಿಗಾಗಿ ಕಾದಿತ್ತು, ಅಷ್ಟೆ. ವಿದ್ಯಾವಂತನಾದ ನಾನು ಇದನ್ನು ಎದ್ದು ನಿಂತು ಹೇಳಬೇಕಿತ್ತು. ತಿಮ್ಮಕ್ಕನ ಮುಖ ನೋಡಿದೆ, ಹೇಳಲಿಲ್ಲ. "ಇಳೀತು ನೋಡ್ರಿ" ಎಂದಳು ಆಕೆ. "ಸೋಮವಾರ ಬರ್ತಾಳ ಕಾಲೇಜಿಗೆ. ಇನ್ನ ಏನರ ಹೊಗಳೋದಿದ್ರ ನಿಮ್ಮ ಮನ್ಯಾಗಿಂದು ಹೊಗಳ್ರಿ."

ಮಲ್ಲೇಶ್ವರಿ ಬಂದಳು, ಪರೀಕ್ಷೆ ಬರೆದಳು, ಇಂಗ್ಲಿಷಿನಲ್ಲಿ ಕಾಲೇಜಿಗೇ ಮೊದಲಿಗಳಾದಳು. ಸ್ಟಾಫ್ ಮೀಟಿಂಗಿನಲ್ಲಿ ಪ್ರಿನ್ಸಿಪಾಲರು ಎಲ್ಲರ ಮುಂದೆ, ಇಂಥ ಮೇಷ್ಟ್ರು ಕರ್ನೂಲು ಜಿಲ್ಲೆಯಲ್ಲೇ ಇನ್ನೊಬ್ಬರಿಲ್ಲ ಎಂದುಬಿಟ್ಟರು. ನನ್ನ ಬೆನ್ನಲ್ಲಿ ಬೆವರಿಳಿಯಿತು. ಸಂಜೆಗೆ ತಲೆ ಭಾರ, ಮೈಯೆಲ್ಲ ನೋವು. ಮನೆಗೆ ಬಂದು, ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ, ಆದರೂ ನಿನ್ನ ಸಮಾಧಾನಕ್ಕೆ ಸ್ವಲ್ಪ ದೃಷ್ಟಿ ತೆಗೆಯುವುದಾದರೆ ತೆಗೆ ಎಂದೆ.

"ಯಾವ ಭಾಷಿಯೊಳಗ ಹೊಗಳಿದ್ರು?" ಎಂದು ಕೇಳಿದಳು ಹೆಂಡತಿ.

"ತೆಲುಗಿನಲ್ಲಿ."

"ಹಂಗಾರ ಉಪ್ಪು ಯಾಕ ದಂಡ? ನಂಗ ತೆಲುಗು ಬರತೈತಿ, ಕುಂದರ್ರಿ" ಎಂದು ಎದುರಿಗೆ ಕೂರಿಸಿಕೊಂಡಳು. ಒಲೆಯ ಮೇಲಿನ ಅನ್ನ ಆಗುವ ತನಕ ಬೈದಳು. ತಲೆಭಾರ ನಿಜಕ್ಕೂ ಇಳಿಯಿತು. ಆಮೇಲೆ ಒಬ್ಬನೇ ಕೂತು, ಆಕೆ ಅಂದದ್ದರಲ್ಲಿ ಹೈಪರ್‌ಬೊಲಿ ಎಲ್ಲೆಲ್ಲಿದೆ ಎಂದು ಮೇಷ್ಟ್ರ ಚಾಳಿಗೆ ಹುಡುಕಿದೆ. ಒಂದೂ ಸಿಗಲಿಲ್ಲ.