ತಾನಾಗಿ ತೆರೆಯುವ ಬೀಗ

ಬೆಳಗಿನ ನಿದ್ದೆಯ ಸವಿ ಬಲ್ಲ ಗಂಡಸು ಮನೆಗೆ ಕಂಪ್ಯೂಟರ್ ತರಬಾರದು. ತಂದರೂ ಅದಕ್ಕೆ ಪಾಸ್‌ವರ್ಡ್ ಇಡಬಾರದು. ಇಟ್ಟರೂ ಅದನ್ನು ತನ್ನೊಬ್ಬನ ಹೊಟ್ಟೆಯಲ್ಲೇ ಬಚ್ಚಿಟ್ಟುಕೊಳ್ಳಬಾರದು. ಈ ತಪ್ಪುಗಳನ್ನೆಲ್ಲ ಒಂದೂ ಬಿಡದೆ ಸಾಲಾಗಿ ಮಾಡಿದವರು ನಮ್ಮ ಮೇಲ್ವಿಚಾರಕರು.

ಮೇಲ್ವಿಚಾರಕರು ಎಂದರೆ ವಿಮಾ ಕಚೇರಿಯ ದಾಖಲೆ ಕೋಣೆಗೆ. ಅಲ್ಲಿ ಅವರು ಕೆಮ್ಮಿದರೆ ಗುಮಾಸ್ತರೆಲ್ಲ ತಲೆಯೆತ್ತುತ್ತಾರೆ. ಮನೆಯಲ್ಲಿ ಕೆಮ್ಮಿದರೆ ಮಡದಿ, "ಬಿಸಿನೀರು ಕುಡೀರಿ" ಅನ್ನುತ್ತಾಳೆ, ಅದೂ ತಲೆಯೆತ್ತದೆ. ಈ ಅನ್ಯಾಯವನ್ನು ಸರಿದೂಗಿಸಲೆಂದೋ ಏನೋ, ಕಂಪ್ಯೂಟರ್ ಮನೆಗೆ ಕಾಲಿಟ್ಟ ದಿನವೇ ಅದಕ್ಕೊಂದು ಬೀಗ ಜಡಿದರು. ಎಂಥ ಬೀಗ! ಗುಂಡಿ ಒತ್ತಿದ ಕೂಡಲೇ ಪರದೆ ಕಪ್ಪಾಗಿ, ಒಂದು ಬಿಳಿ ಗೆರೆ ಮಿಣಮಿಣ ಮಿನುಗುತ್ತ ಪಾಸ್‌ವರ್ಡ್ ಕೇಳುತ್ತದೆ. ಹೇಳದಿದ್ದರೆ ಒಳಗಿರುವುದು ಬ್ರಹ್ಮನಿಗೂ ಸಿಗುವುದಿಲ್ಲ.

"ರೀ, ಬಂದು ಹೊಡೀರಿ!"

ಇದು ಆ ಮನೆಯ ನಿತ್ಯದ ಬೆಳಗಿನ ಕೂಗು. (ಹೊಸದಾಗಿ ಬಂದ ಪಕ್ಕದ ಮನೆಯವರು ಮೊದಮೊದಲು ಬೇರೇನೋ ತಿಳಿದು ಬಾಗಿಲವರೆಗೆ ಓಡಿಬಂದದ್ದುಂಟು.) ಮಡದಿಯದು ಪುಸ್ತಕಗಳ ಕರಡು ತಿದ್ದುವ ಕೆಲಸ, ಒಲೆ ಹಚ್ಚುವ ಮೊದಲೇ ಕಂಪ್ಯೂಟರ್ ಹಚ್ಚುತ್ತಾಳೆ. ಪಾಸ್‌ವರ್ಡ್ ಹೊಡೆಯಲು ಮೇಲ್ವಿಚಾರಕರು ಹೊದಿಕೆ ಸುತ್ತಿಕೊಂಡೇ ಎದ್ದು ಬರಬೇಕು.

"ಆ ಕಡೆ ತಿರುಗು," ಎಂದು ಮಡದಿಗೆ ಅಪ್ಪಣೆ ಮಾಡುತ್ತಿದ್ದರು.

"ನಾನೇನು ಪರದೇಶದ ಗೂಢಚಾರಳಾ?"

"ಭದ್ರತೆ ಅಂದ್ರೆ ಭದ್ರತೆ. ಅದರಲ್ಲಿ ಹೆಂಡತಿ, ಗೂಢಚಾರಳು ಅಂತ ಭೇದ ಇಲ್ಲ."

ಮಡದಿ ಗೋಡೆಗೆ ಮುಖ ಮಾಡಿ ನಿಂತ ಮೇಲೆ ಮೇಲ್ವಿಚಾರಕರು ಒಂದೊಂದೇ ಅಕ್ಷರವನ್ನು ಬಾಯೊಳಗೇ ಹೇಳಿಕೊಳ್ಳುತ್ತ ಗುಂಡಿ ಒತ್ತುತ್ತಿದ್ದರು. ಮೇಜಿನಾಚೆ ಕಿಟಕಿಯ ಪಕ್ಕ ಆರಾಮ ಕುರ್ಚಿಯಲ್ಲಿ ಮಡದಿಯ ತಾಯಿ, ಅಂದರೆ ಅತ್ತೆಯವರು, ಎದುರಿಗೇ ಕೂತಿರುತ್ತಿದ್ದರು; ಅವರನ್ನು ತಿರುಗಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಪಾಪ, ಅವರ ಕಿವಿ ಎರಡೂ ನಿವೃತ್ತಿಯಾಗಿ ಎಷ್ಟೋ ಕಾಲವಾಗಿತ್ತು.

ಹೀಗೆ ನಿದ್ದೆ ಕೆಟ್ಟು ಕೆಟ್ಟು, ಒಂದು ಭಾನುವಾರ ಅವರ ತಲೆಯಲ್ಲಿ ಮಿಂಚು ಹೊಳೆಯಿತು. ಬೀಗದ ಕೀಲಿಯನ್ನು ಒಂದು ಪೆನ್‌ಡ್ರೈವ್‌ನಲ್ಲಿ ತುಂಬಿ ಚುಚ್ಚಿಟ್ಟರೆ ಕಂಪ್ಯೂಟರ್ ತಾನಾಗಿಯೇ ತೆರೆದುಕೊಳ್ಳುತ್ತದಂತೆ! ಇಂಟರ್ನೆಟ್‌ನಲ್ಲಿ ಓದಿ, ಊಟ ಬಿಟ್ಟು, ಬೆವರು ಸುರಿಸಿ, ಸಂಜೆಯೊಳಗೆ ಸಾಧಿಸಿಯೇ ಬಿಟ್ಟರು. ಕಳ್ಳನ ಕಣ್ಣಿಗೆ ಬಿದ್ದರೂ ಗುರುತು ಸಿಗಬಾರದೆಂದು ಆ ಕೀಲಿಯ ಕಡತಕ್ಕೆ 'ಹಳೆ ಕಸ' ಎಂದು ಹೆಸರಿಟ್ಟರು. ತಮ್ಮ ಬುದ್ಧಿಗೆ ತಾವೇ ತಲೆದೂಗಿದರು.

"ನೋಡು! ಗುಂಡಿ ಒತ್ತು, ಕೈ ಕಟ್ಟಿ ಕೂತ್ಕೋ. ಇದು ವಿಜ್ಞಾನ!"

"ಬೀಗದ ಮೂತಿಗೇ ಕೀಲಿ ಚುಚ್ಚಿಡೋದಾದ್ರೆ ಬೀಗ ಯಾಕ್ರೀ?" ಎಂದಳು ಮಡದಿ.

"ನಿನಗೆ ಅರ್ಥ ಆಗಲ್ಲ ಬಿಡು."

(ಅವರಿಗೂ ಅರ್ಥವಾಗಿರಲಿಲ್ಲ. ಆದರೆ ಕಚೇರಿಯಲ್ಲಿ ಈ ಮಾತು ಯಾವಾಗಲೂ ನಡೆಯುತ್ತಿತ್ತು.)

ಮಾರನೆಯ ಬೆಳಗಿನಿಂದ ಕೂಗು ನಿಂತಿತು. ಮೇಲ್ವಿಚಾರಕರು ಹೊಟ್ಟೆ ತುಂಬ ನಿದ್ದೆ ಮಾಡಿದರು. ಎಷ್ಟು ತುಂಬ ಎಂದರೆ, ಆ ವಾರವೇ ಎರಡು ಸಲ ಕಚೇರಿಯ ಬಸ್ಸು ಅವರನ್ನು ಬಿಟ್ಟು ಹೋಯಿತು. ತಿಂಗಳುಗಳು ಉರುಳಿದಂತೆ ನಿದ್ದೆಯೂ ಸಪ್ಪೆಯೆನಿಸತೊಡಗಿತು. ಆ ಮನೆಯಲ್ಲಿ ತಮ್ಮಿಂದಲೇ ಆಗಬೇಕಾಗಿದ್ದ ಏಕೈಕ ಕೆಲಸವನ್ನು ತಾವೇ ಕೈಯಾರೆ ಒಂದು ಹೆಬ್ಬೆರಳುದ್ದದ ಕಡ್ಡಿಗೆ ಬಿಟ್ಟುಕೊಟ್ಟಿದ್ದರಲ್ಲ!

ಅಷ್ಟರಲ್ಲಿ ಕಚೇರಿಯಲ್ಲಿ ಯೋಗ ಕೂಡಿಬಂತು. ಪ್ರಧಾನ ಕಚೇರಿಯ ದೊಡ್ಡ ಅಧಿಕಾರಿಣಿ ಬರುವವರಿದ್ದರು. ಅವರ ಮುಂದೆ 'ಗುಟ್ಟು ಕಾಯುವ ಬಗೆ' ಎಂದು ಕಂಪ್ಯೂಟರ್ ಭದ್ರತೆಯ ಮೇಲೆ ಉಪನ್ಯಾಸ ಕೊಡಲು ಮೇಲ್ವಿಚಾರಕರೇ ತಕ್ಕವರೆಂದು ತೀರ್ಮಾನವಾಯಿತು. ಉಪನ್ಯಾಸ ಮೆಚ್ಚುಗೆಯಾದರೆ ಇಡೀ ಶಾಖೆಯ ಭದ್ರತೆ ಅವರ ಕೈಗೆ. ಬಾಗಿಲಿಗೆ ಹೊಸ ಹಲಗೆ, ಹಲಗೆಯ ಮೇಲೆ ಹೆಸರು. ವಾರವಿಡೀ ಕೂತು ಚಿತ್ರ, ಬಾಣ, ಬಣ್ಣ ಎಲ್ಲ ಸೇರಿಸಿ ಉಪನ್ಯಾಸ ತಯಾರಿಸಿದರು. ಹಿಂದಿನ ಸಂಜೆ ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಲು ಹೊರಟಾಗ ಅದರಲ್ಲಿ 'ಹಳೆ ಕಸ' ಎಂಬುದೇನೋ ಕಣ್ಣಿಗೆ ಬಿತ್ತು.

"ಥೂ, ಈ ಮನೇಲಿ ಯಾರಿಗೂ ಶಿಸ್ತೇ ಇಲ್ಲ. ಎಲ್ಲೆಂದರಲ್ಲಿ ಕಸ!" ಎಂದು ಗುಡಿಸಿ ಹಾಕಿದರು. ಅಷ್ಟರಲ್ಲಿ ಊಟಕ್ಕೆ ಕರೆ ಬಂತು. ಉಪನ್ಯಾಸ ತುಂಬಿಕೊಳ್ಳುವುದು ಬೆಳಿಗ್ಗೆ ಎಂದುಕೊಂಡು ಕಂಪ್ಯೂಟರ್ ಆರಿಸಿ ಎದ್ದರು.

ಬೆಳಿಗ್ಗೆ ಪರದೆ ಕಪ್ಪಾಯಿತು. ಬಿಳಿ ಗೆರೆ, ಬಹುದಿನದ ಮೇಲೆ ಬಂದ ನೆಂಟನ ಹಾಗೆ, ಮಿಣಮಿಣ ಮಿನುಗಿತು.

"ರೀ! ಬಂದು ಹೊಡೀರಿ!"

ಇಸ್ತ್ರಿ ಮಾಡಿದ ಅಂಗಿಯಲ್ಲಿ ಮೇಲ್ವಿಚಾರಕರು ಗತ್ತಿನಿಂದ ಬಂದರು. "ಆ ಕಡೆ ತಿರುಗು" ಎಂದರು. ಬೆರಳುಗಳನ್ನು ಗುಂಡಿಗಳ ಮೇಲಿಟ್ಟರು. ಬೆರಳುಗಳು ಅವರ ಮುಖ ನೋಡಿದವು. ಅವರು ಬೆರಳುಗಳ ಮುಖ ನೋಡಿದರು. ತಿಂಗಳುಗಟ್ಟಲೆ ಹೊಡೆಯದ ಪಾಸ್‌ವರ್ಡ್ ಎತ್ತಲೋ ಹಾರಿಹೋಗಿತ್ತು.

"ಎಲ್ಲಾದ್ರೂ ಬರೆದಿಟ್ಟಿದೀರಾ?"

"ಬರೆದಿದೀನಿ."

"ಎಲ್ಲಿ?"

"ಇದರೊಳಗೇ," ಎಂದರು ಮೇಲ್ವಿಚಾರಕರು, ಕಂಪ್ಯೂಟರಿನ ಕಡೆ ಕೈ ತೋರಿಸಿ.

ಬೀದಿಯ ತುದಿಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಮೇಲ್ವಿಚಾರಕರ ಕಣ್ಣಮುಂದೆ ಹೊಸ ಹಲಗೆಯ ಅಕ್ಷರಗಳು ಒಂದೊಂದಾಗಿ ಉದುರತೊಡಗಿದವು. "ಮುಗೀತು. ನನ್ನ ಮಾನ ಮೂರು ಕಾಸಿಗೆ ಹರಾಜಾಯ್ತು," ಎಂದು ತಲೆಯ ಮೇಲೆ ಕೈಹೊತ್ತು ಕೂತರು.

ಆಗ ಕಿಟಕಿಯ ಕಡೆಯಿಂದ ಅತ್ತೆಯವರ ದನಿ ಬಂತು. ಕಿವಿ ಕೇಳದವರ ದನಿ. ಅರ್ಧ ಬೀದಿಗೆ ಕೇಳಿಸುವಂಥದ್ದು.

"'ಯಜಮಾನ ನಾನೇ' ಅಲ್ವಾ ಅಳಿಯಂದ್ರೇ? ಕೊನೇಲಿ ಎರಡು ಸಲ ಒಂದು!"

ಮೇಲ್ವಿಚಾರಕರು ತಿರುಗಿ ನೋಡುವಷ್ಟರಲ್ಲಿ ಮಡದಿ ಗುಂಡಿಗಳ ಕಡೆ ಕಣ್ಣೂ ಹಾಯಿಸದೆ ಟಕಟಕ ಹೊಡೆದು ಮುಗಿಸಿದ್ದಳು. ಕಂಪ್ಯೂಟರ್ ವಿನಯದಿಂದ ತೆರೆದುಕೊಂಡಿತು.

"ನಿ... ನಿಮಗೆ ಹೇಗೆ..."

"ಕಿವಿ ಹೋದ ಮೇಲೆ ನಾನು ತುಟಿ ನೋಡಿಯೇ ಅಲ್ವಾ ಮಾತು ತಿಳ್ಕೊಳ್ಳೋದು? ದಿನಾ ಬೆಳಿಗ್ಗೆ ಎದುರಿಗೆ ಕೂತು ಅಕ್ಷರ ಅಕ್ಷರ ಬಿಡಿಸಿ ಹೇಳ್ತಿದ್ರಿ. ಈ ಮನೇಲಿ ನನ್ನ ಹತ್ತಿರ ಅಷ್ಟು ಸ್ಪಷ್ಟವಾಗಿ ಮಾತಾಡೋರು ನೀವೊಬ್ರೇ!"

ಮೇಲ್ವಿಚಾರಕರು ಮಡದಿಯ ಕಡೆ ತಿರುಗಿದರು. "ನಿನಗೂ ಗೊತ್ತಿತ್ತು!"

"ಅಮ್ಮ ಮೊದಲ ವಾರವೇ ಹೇಳಿದ್ಳು."

"ಮತ್ತೆ ದಿನಾ ನನ್ನನ್ನ ಯಾಕೆ ಕರೀತಿದ್ದೆ?"

"ಇನ್ನು ಹೇಗ್ರೀ ನಿಮ್ಮನ್ನ ಹಾಸಿಗೆಯಿಂದ ಎಬ್ಬಿಸೋದು? ನೀರು ಚಿಮುಕಿಸಿದ್ರೂ ಏಳಲ್ಲ, 'ನೀವಿಲ್ದೆ ಆಗಲ್ಲ' ಅಂದ್ರೆ ಓಡಿ ಬರ್ತೀರಿ. ಈಗ ಉಪನ್ಯಾಸ ತುಂಬ್ಕೊಂಡು ಬಸ್ಸಿಗೆ ಓಡಿ!"

ಉಪನ್ಯಾಸ ಭರ್ಜರಿಯಾಗಿ ನಡೆಯಿತು. "ಗುಟ್ಟನ್ನು ಮನೆಯವರಿಗೂ ಬಿಟ್ಟುಕೊಡಬಾರದು" ಎಂಬ ಮಾತಿಗೆ ಅಧಿಕಾರಿಣಿ ಚಪ್ಪಾಳೆ ತಟ್ಟಿದರಂತೆ. ಹಲಗೆಗೂ ಅಪ್ಪಣೆಯಾಯಿತು.

ಆ ಉತ್ಸಾಹದಲ್ಲೇ ಸಂಜೆ ಮನೆಗೆ ಬಂದ ಮೇಲ್ವಿಚಾರಕರು ಹಳೆಯ ಪಾಸ್‌ವರ್ಡ್ ಕಿತ್ತೊಗೆದು ಹೊಸದನ್ನಿಟ್ಟರು. ಈ ಸಲ ಯಾವ ಕಡ್ಡಿಯೂ ಇಲ್ಲ, ತಾನಾಗಿ ತೆರೆಯುವುದೂ ಇಲ್ಲ. ಬೆಳಿಗ್ಗೆ "ರೀ, ಬಂದು ಹೊಡೀರಿ!" ಎಂಬ ಕೂಗು ಬಿದ್ದದ್ದೇ ತಡ, ಹೊದಿಕೆ ಒದ್ದು ಓಡಿಬಂದರು. ಮಡದಿಯನ್ನು ಗೋಡೆಗೆ ತಿರುಗಿಸಿದರು. ಅತ್ತೆಯವರ ಕುರ್ಚಿಯನ್ನೂ ಎತ್ತಿ ಕಿಟಕಿಯ ಕಡೆ ತಿರುಗಿಸಿಟ್ಟರು. ಆಮೇಲೆ ನೆಮ್ಮದಿಯಾಗಿ, ಒಂದೊಂದೇ ಅಕ್ಷರ ಹೇಳಿಕೊಳ್ಳುತ್ತ, ಗುಂಡಿ ಒತ್ತಿದರು.

ಅತ್ತೆಯವರು ಕಿಟಕಿಯ ಗಾಜಿನಲ್ಲಿ ಮೂಡಿದ ಅಳಿಯನ ಪ್ರತಿಬಿಂಬದ ಮೇಲೆ ಕಣ್ಣಿಟ್ಟು, ತಿರುಗದೆಯೇ ಹೇಳಿದರು:

"ಅಳಿಯಂದ್ರೇ, 'ಅತ್ತೆಗೆ ಗೊತ್ತಿಲ್ಲ' ಅಂತ ಇಟ್ಟಿದೀರಲ್ಲ, ಅದನ್ನ ಬದಲಾಯಿಸಿಬಿಡಿ. ಗೊತ್ತಾಯ್ತು."