ಹಾಸಿಗೆ ಹದಿನಾಲ್ಕರ ರೋಗಿಯನ್ನು ನಡೆಯಲು ಬಿಡುವ ಕುರಿತು

ಶಸ್ತ್ರಚಿಕಿತ್ಸೋತ್ತರ ನಡಿಗೆ ವಿಭಾಗ, ಹುಬ್ಬಳ್ಳಿ
ಸಂಖ್ಯೆ: ನಡಿಗೆ/ಹೆಪ್ಪು/14/2025-26

ವಿಷಯ: ತೂಕ ಇಳಿಸುವ ಶಸ್ತ್ರಚಿಕಿತ್ಸೆಯಾದವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ, ಅವರನ್ನು ನೋಡಲು ಬರುವವರ ಮೇಲೆ ಕ್ರಮ ವಹಿಸುವ ಬಗ್ಗೆ.

ಉಲ್ಲೇಖ: 1) ಸಿಸ್ಟರ್ ಶಾಂಭವಿ ಅವರ ವರದಿ.
2) ಬೈರಿದೇವರಕೊಪ್ಪದ ಬೀಗರ ಮೌಖಿಕ ದೂರು: 'ಪೇಶಂಟ್ ಜಾಗಾದಾಗ ಇಲ್ಲರೀ.'

ಕೇಶ್ವಾಪುರದ ಶ್ರೀಮತಿ ಸಂಗವ್ವ ಅವರಿಗೆ ಸೋಮವಾರ ಸದರಿ ಶಸ್ತ್ರಚಿಕಿತ್ಸೆಯಾಗಿದ್ದು, ಅಂದು ಸಂಜೆಯಿಂದಲೇ ಕಾರಿಡಾರಿನಲ್ಲಿ ನಡೆಯುವಂತೆ ಸೂಚಿಸಲಾಗಿತ್ತು. ಅವರು ನಡೆದರು. ಅಷ್ಟರಲ್ಲಿ ನೋಡಲು ಬಂದ ಬೀಗರು 'ಅಡ್ಡಾಡಾಕತ್ತೀರಲ್ಲ, ಆಪರೇಶನ್ ಖರೇನ ಆಗೇತೇನ್ರಿ?' ಎಂದು ವಿಚಾರಿಸಿದ್ದರಿಂದ ರೋಗಿಯು ನಾಚಿ ಮಲಗಿದವರು, ಬಂದವರಿಗೆ ಬೇಸರವಾಗಬಾರದೆಂದು ಎರಡು ದಿನ ಏಳಲೇ ಇಲ್ಲ. ಬಂದವರು ನಲವತ್ತೊಂದು ಜನ. ಬುಧವಾರ ಎಡಗಾಲಿನ ಮೀನಖಂಡ ಬಾತು, ಪರೀಕ್ಷೆಯಲ್ಲಿ ಹೆಪ್ಪು ಪತ್ತೆಯಾಯಿತು. ಔಷಧೋಪಚಾರ ನಡೆದಿದ್ದು, ಮತ್ತೆ ನಡೆಯಲು ವೈದ್ಯರು ಹೇಳಿದ್ದಾರೆ. ಆ ಹೆಪ್ಪು ಶ್ವಾಸಕೋಶ ಮುಟ್ಟಿದ್ದರೆ ಅದೇ ನಲವತ್ತೊಂದು ಜನ ಇನ್ನೊಮ್ಮೆ ಬರಬೇಕಾಗುತ್ತಿತ್ತು, ಆಗಲೂ ರೋಗಿಯು ಮಲಗಿಯೇ ಇರುತ್ತಿದ್ದರು ಎಂಬುದನ್ನು ಗಮನಿಸತಕ್ಕದ್ದು.

ಆದ್ದರಿಂದ ಸರ್ವರಿಗೂ ಈ ಮೂಲಕ ಸೂಚಿಸಲಾಗಿದೆ:

1. ನಡೆದಾಡುವ ರೋಗಿಯನ್ನು ಗುಣವಾದವರೆಂದು ಪರಿಗಣಿಸತಕ್ಕದ್ದಲ್ಲ. ಹಾಸಿಗೆ ಖಾಲಿಯಿದ್ದಲ್ಲಿ ಹಾಸಿಗೆಯನ್ನು ಕಂಡು ಹೋದರೂ ಭೇಟಿಯು ಊರ್ಜಿತ.

2. ಮಲಗಿದವರನ್ನು ಕಾಣದೆ ಸಮಾಧಾನವಾಗದವರಿಗಾಗಿ, ಸಂಜೆ ನಾಲ್ಕರಿಂದ ಆರರವರೆಗೆ ಹಾಸಿಗೆ ಹದಿಮೂರರಲ್ಲಿ ಮಲಗಲು ವಾರ್ಡ್ ಸಹಾಯಕ ಶ್ರೀ ಅಲ್ಲಾವುದ್ದೀನ ಅವರನ್ನು ನಿಯೋಜಿಸಲಾಗಿದೆ. ಬಂದವರು ಅವರನ್ನು ನೋಡಿ ಮರುಗಬಹುದು. ನರಳಾಟ ಮಿತವಾಗಿರತಕ್ಕದ್ದು. ಸದರಿಯವರ ಕಾಲಿನಲ್ಲೂ ರಕ್ತ ಹೆಪ್ಪುಗಟ್ಟುವ ಸಂಭವವಿರುವುದರಿಂದ ಗಂಟೆಗೊಮ್ಮೆ ಅವರೂ ಎದ್ದು ನಡೆಯತಕ್ಕದ್ದು. ಆ ಅವಧಿಯಲ್ಲಿ ಬದಲಿ ನೌಕರರು ಮಲಗತಕ್ಕದ್ದು.

3. 'ಏಳಬ್ಯಾಡವಾ, ಹೊಲಿಗಿ ಬಿಚ್ಚತಾವ' ಎನ್ನುವುದನ್ನು ನಿಷೇಧಿಸಲಾಗಿದೆ. ಅಂದವರು ರೋಗಿಯ ಕೈಹಿಡಿದು ಕಾರಿಡಾರಿನಲ್ಲಿ ಒಂದು ಸುತ್ತು ಹಾಕತಕ್ಕದ್ದು.

4. ಬಿಗಿ ಕಾಲುಚೀಲವನ್ನು ಕಾಲಿನಲ್ಲಿ ರಕ್ತ ನಿಲ್ಲದಿರಲೆಂದು ತೊಡಿಸಲಾಗಿರುತ್ತದೆ. 'ಪಾಪ, ಭಾಳ ಬಿಗಿ ಆಗ್ಯಾವ' ಎಂದು ಕಳಚಲಾದ ಜೋಡಿಯು ರೋಗಿಯ ಸೋದರಮಾವ ಶ್ರೀ ಮಹಾಂತಯ್ಯ ಅವರ ಕಾಲಿನಲ್ಲಿ ಪತ್ತೆಯಾಗಿದೆ. ತಮಗೆ ಬೆಚ್ಚಗಿದೆ ಎಂಬ ಅವರ ವಿವರಣೆಯನ್ನು ತಿರಸ್ಕರಿಸಲಾಗಿದೆ.

5. ತಂದ ಗಿರ್ಮಿಟ್, ಪೇಡೆ ಇತ್ಯಾದಿಗಳನ್ನು ಕಾರಿಡಾರಿನ ಆ ತುದಿಯ ಕಿಟಕಿಯಲ್ಲಿ ಇಡತಕ್ಕದ್ದು. ರೋಗಿಯು ತಿನ್ನುವಂತಿಲ್ಲ, ನಡೆದು ಹೋಗಿ ವಾಸನೆ ನೋಡಲು ಅನುಮತಿಸಿದೆ.

ಸಹಿ/-
(ಯಜ್ಞೇಶ್ವರ)
ನಡಿಗೆ ಅಧಿಕಾರಿ (ಪ್ರಭಾರ)

ಪ್ರತಿಗಳು:
1. ಬೈರಿದೇವರಕೊಪ್ಪದ ಬೀಗರಿಗೆ, ಮನೆಯ ಹಿರಿಯರೆದುರು ಗಟ್ಟಿಯಾಗಿ ಓದಿ ಹೇಳಲು.
2. ಶ್ರೀ ಮಹಾಂತಯ್ಯ ಅವರಿಗೆ, ಕಾಲುಚೀಲ ಹಿಂಪಡೆದ ಸ್ವೀಕೃತಿಯೊಂದಿಗೆ.
3. ಶ್ರೀ ಅಲ್ಲಾವುದ್ದೀನ ಅವರಿಗೆ, ಮಲಗಿದಲ್ಲಿಗೇ.
4. ಶ್ರೀಮತಿ ಸಂಗವ್ವ, ಹಾಸಿಗೆ 14. ಇವರ ಪ್ರತಿಯನ್ನು ಹಾಸಿಗೆಗೆ ತಲುಪಿಸತಕ್ಕದ್ದಲ್ಲ. ಕಾರಿಡಾರಿನ ತುದಿಯಲ್ಲಿ ಸಿಸ್ಟರ್ ಶಾಂಭವಿ ಅವರ ಬಳಿ ಇರಿಸಿದ್ದು, ಒಂದು ಸಲ ನಡೆದು ಬಂದರೆ ಒಂದು ಕಲಮು ಮಾತ್ರ ಓದಲು ಕೊಡಲಾಗುವುದು.